ಮನೆಯ ವಿದ್ಯುತ್ತೂ ಮರುಸೂಚನೆಯೂ

ಕೊಡದ ನೀರು ತಳ ಮುಟ್ಟಿದರೆ ಮನೆಯವರೆಲ್ಲರೂ ಎಚ್ಚರಗೊಳ್ಳುವರು; ಡಬ್ಬಿಯ ಸಕ್ಕರೆ ಕಡಮೆಯಾದರೆ ಕೈ ತಾನಾಗಿಯೇ ಬಿಗಿಯಾಗುವುದು. ವಿದ್ಯುಚ್ಛಕ್ತಿಯಾದರೋ ಕಾಣದಂತೆ ಬಂದು ಕಾಣದಂತೆ ವ್ಯಯವಾಗುತ್ತದೆ. 2000 ವಾಟಿನ ಗೀಸರು ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಮುಗಿಯುವುದು. 10 ವಾಟಿನ ಎಲ್‌ಇಡಿ ದೀಪವು ಅಷ್ಟನ್ನೇ ಮುಗಿಸಲು 100 ಗಂಟೆ ಬೇಕು. ತಿಂಗಳ ಬಿಲ್ಲಿನಲ್ಲಿ ಈ ಅಂತರವೆಲ್ಲ ಒಂದೇ ಮೊತ್ತದಲ್ಲಿ ಅಡಗಿಹೋಗುತ್ತದೆ.

ಕ್ರಿಯೆಯ ಫಲವನ್ನು ಅದನ್ನು ನಡೆಸುವೆಡೆಗೇ ತಿಳಿಸಿ, ಆ ಕ್ರಿಯೆಯನ್ನು ತಿದ್ದುವ ಏರ್ಪಾಡಿಗೆ ಫೀಡ್‌ಬ್ಯಾಕ್ ಎಂದು ಹೆಸರು. ನಾವು ಇದನ್ನು ಮರುಸೂಚನೆ ಎನ್ನೋಣ. ಇಸ್ತ್ರಿಪೆಟ್ಟಿಗೆಯ ಶಾಖವು ಮಿತಿಮೀರಿದೊಡನೆ ಥರ್ಮೋಸ್ಟಾಟು ವಿದ್ಯುತ್ತನ್ನು ತಡೆಯುವುದು ಈ ತತ್ತ್ವದಿಂದಲೇ. ಮನೆಯ ವಿದ್ಯುತ್ ಬಳಕೆಯಲ್ಲಿ ಥರ್ಮೋಸ್ಟಾಟಿನ ಸ್ಥಾನ ಮನೆಯವರದು. ಅವರಿಗೆ ಲೆಕ್ಕವನ್ನು ತಿಳಿಸಿದರೆ ಸಾಲದೆ?

ಸಾಲದು ಎಂಬುದನ್ನು ಅಮೆರಿಕದ ಒಂದು ಪ್ರಯೋಗವು ತೋರಿಸಿಕೊಟ್ಟಿತು. ಕ್ಯಾಲಿಫೋರ್ನಿಯದ ಸ್ಯಾನ್ ಮಾರ್ಕೋಸ್ ಎಂಬ ಊರಿನಲ್ಲಿ ಮನಶ್ಶಾಸ್ತ್ರಜ್ಞ ಶುಲ್ಟ್ಸ್ ಮತ್ತು ಅವರ ಸಂಗಡಿಗರು ಸುಮಾರು 290 ಮನೆಗಳ ಬಾಗಿಲಿಗೆ ಚೀಟಿಗಳನ್ನು ತಗುಲಿಸಿದರು. ಆ ಮನೆಯ ಬಳಕೆ ಎಷ್ಟು, ನೆರೆಹೊರೆಯ ಸರಾಸರಿ ಎಷ್ಟು ಎಂಬುದು ಅವುಗಳಲ್ಲಿತ್ತು. ಫಲಿತಾಂಶವು 2007ರಲ್ಲಿ ಪ್ರಕಟವಾಯಿತು. ಹೆಚ್ಚು ಬಳಸುತ್ತಿದ್ದವರು ದಿನಕ್ಕೆ ಸುಮಾರು 1.2 ಯೂನಿಟ್ ಇಳಿಸಿದರು. ಆದರೆ ಮಿತವಾಗಿ ಬಳಸುತ್ತಿದ್ದವರು ಸುಮಾರು 0.9 ಯೂನಿಟ್ ಏರಿಸಿದರು! ಸರಾಸರಿಯೆಂಬುದು ಮೇಲಿದ್ದವರನ್ನು ಕೆಳಕ್ಕೂ ಕೆಳಗಿದ್ದವರನ್ನು ಮೇಲಕ್ಕೂ ಸೆಳೆಯಿತು. ಜಾಣತನದಿಂದ ಉಳಿಸುತ್ತಿದ್ದ ಮನೆಯೇ ತನ್ನ ಒಳ್ಳೆಯ ಅಭ್ಯಾಸವನ್ನು ಸಡಿಲಿಸಿತು.

ಇದಕ್ಕೆ ಪರಿಹಾರವೂ ಆ ಪ್ರಯೋಗದಲ್ಲಿಯೇ ಇತ್ತು. ಕೆಲವು ಚೀಟಿಗಳಲ್ಲಿ ಮಿತವ್ಯಯಿಗಳಿಗೆ ನಗುಮುಖವನ್ನೂ ಅತಿವ್ಯಯಿಗಳಿಗೆ ಸಪ್ಪೆಮುಖವನ್ನೂ ಬರೆದಿದ್ದರು. ನಗುಮುಖವನ್ನು ಕಂಡವರ ಬಳಕೆ ಏರಲಿಲ್ಲ. ಸಪ್ಪೆಮುಖವನ್ನು ಕಂಡವರದು ಇಳಿಯಿತು. ಅಂಕೆಯು ಎಲ್ಲರೂ ಏನು ಮಾಡುತ್ತಿರುವರೆಂದು ಹೇಳುತ್ತದೆ. ಮೆಚ್ಚುಗೆಯು ಏನು ಮಾಡಬೇಕೆಂದು ಹೇಳುತ್ತದೆ.

ಮುಂದೆ ಅಮೆರಿಕದ ಅನೇಕ ಕಡೆ ಇಂತಹ ವರದಿಗಳನ್ನು ಮನೆಗಳಿಗೆ ಕಳುಹಿಸಲಾಯಿತು. ಸುಮಾರು 6 ಲಕ್ಷ ಮನೆಗಳ ಲೆಕ್ಕವನ್ನು ಪರಿಶೀಲಿಸಿದ ಆಲ್ಕಾಟ್ ಎಂಬ ಅರ್ಥಶಾಸ್ತ್ರಜ್ಞರು, ಬಳಕೆಯು ಸರಾಸರಿ ಶೇಕಡ 2ರಷ್ಟು ಇಳಿದುದನ್ನು 2011ರಲ್ಲಿ ಪ್ರಕಟಿಸಿದರು. ಇದು ಅಲ್ಪವೆಂದು ತೋರಬಹುದು. ಆದರೆ ಇದನ್ನು ಸಾಧಿಸಿದುದು ಬರಿಯ ಕಾಗದ!

ವಾಚಕರೂ ಇದನ್ನು ಪರೀಕ್ಷಿಸಬಹುದು. ಒಂದು ವಾರ, ಪ್ರತಿದಿನ ಒಂದೇ ಹೊತ್ತಿಗೆ ಮೀಟರನ್ನು ಓದಿ, ಹಿಂದಿನ ದಿನದ ಅಂಕೆಯನ್ನು ಕಳೆದು, ಉಳಿದುದನ್ನು ಮನೆಯವರಿಗೆಲ್ಲ ಕಾಣುವಂತೆ ಬರೆದಿಡಿರಿ. ಬಳಕೆ ಇಳಿದ ದಿನ ಪಕ್ಕದಲ್ಲಿ ಒಂದು ನಗುಮುಖವನ್ನು ಬರೆಯಲು ಮರೆಯದಿರಿ.