ಕರಪತ್ರದಲ್ಲಿ ಇಲ್ಲದವರು

ದಲಿತ ವಿಮರ್ಶೆ ಎಂದಕೂಡಲೆ ನಾವು ಕತೆ, ಕಾವ್ಯ, ಆತ್ಮಕಥನಗಳನ್ನೇ ಕೈಗೆತ್ತಿಕೊಳ್ಳುತ್ತೇವೆ. ಆರೋಗ್ಯ ಇಲಾಖೆಯ ಕರಪತ್ರವೂ ಒಂದು ಪಠ್ಯವೇ. ಸೊರಬ, ಶಿಕಾರಿಪುರದ ಮಕ್ಕಳಿಗೆ ಪಾಠ ಹೇಳುವ ನಾನು ಮಂಗನ ಕಾಯಿಲೆಯ ತಿಳುವಳಿಕೆಯನ್ನು ಹಾಗೆ ಓದಿದ್ದೇನೆ. ಅದರಲ್ಲಿ ಎದ್ದು ಕಾಣುವ ಮಾತು 'ಕಾಡಿಗೆ ಹೋಗಬೇಡಿ'. ಕಾಡಿಗೆ ಹೋಗದೆಯೂ ಒಲೆ ಉರಿಸಬಲ್ಲವರಿಗೆ ಹೇಳಿದ ಮಾತಿದು. ನಮ್ಮ ಹೆಂಗಸರು ಕೇಳುವುದು ಬೇರೆ: 'ಹೋಗ್ದಿದ್ರೆ ಒಲೆಗೆ ಏನ್ ಹಾಕಾದು? ಕೂಲಿ ಯಾರ್ ಕೊಡ್ತಾರೆ?'

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಹಳದಿಜ್ವರ ಭಾರತಕ್ಕೆ ಬಂತೇ ಎಂಬ ಗಾಬರಿಯಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಧಾವಿಸಿದರು. ಸಿಕ್ಕಿದ್ದು ಹೊಸ ವೈರಸ್, ರಷ್ಯಾದ ಉಣ್ಣೆಜ್ವರದ ನೆಂಟ. ವಲಸೆ ಹಕ್ಕಿಗಳು ಹೊತ್ತು ತಂದಿರಬಹುದೆ ಎಂಬ ಗುಮಾನಿ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಅವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಅಧ್ಯಯನವನ್ನೇ ನಡೆಸಿದರು. ಅದು ತಪ್ಪಲ್ಲ. ಆದರೆ ಕಾಡಿನ ಹೆಸರು ವೈದ್ಯಪುಸ್ತಕಕ್ಕೆ ಹೋಯಿತು, ಮಂಗನ ಹೆಸರು ಜನರ ಬಾಯಿಗೆ ಬಂತು. ದುಡಿದು ಕಚ್ಚಿಸಿಕೊಂಡವರು ಎರಡರಲ್ಲೂ ಇಲ್ಲ.

ಮನುಷ್ಯರಿಗೆ ಇದನ್ನು ದಾಟಿಸುವುದು ಮಂಗ ಅಲ್ಲ, ಉಣ್ಣೆ. ನಮ್ಮ ಕಡೆ ಉಣುಗು ಅಂತೀವಿ. ಕಣ್ಣಿಗೆ ಕಂಡೂ ಕಾಣದಂಥ ಅದರ ಮರಿಗಳು ಡಿಸೆಂಬರ್‌ನಿಂದ ಮೇವರೆಗೆ ತರಗೆಲೆಯಲ್ಲಿ ಕಾದಿರುತ್ತವೆ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗು ಅಲ್ಲೇ ಉದುರುತ್ತವೆ, ಅದರಿಂದ ಆ ಜಾಗ ಅಪಾಯದ್ದು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ಯಾರನ್ನೂ ದೂರ ಇಡಲು ಇದೊಂದು ಹೊಸ ನೆಪ ಆಗಬಾರದು.

ಇದೇ ಬೇಸಗೆ ದರಕು, ಅಂದರೆ ತರಗೆಲೆ ಗುಡಿಸುವ ಕಾಲ. ಅಡಿಕೆ ಮರದ ಬುಡಕ್ಕೂ ಕೊಟ್ಟಿಗೆಗೂ ಅದು ಬೇಕು. ಸೊಪ್ಪಿನಬೆಟ್ಟದ ಹಕ್ಕು ತೋಟದವರದು, ಗುಡಿಸುವ ಕೈ ಕೂಲಿಯವರದು, ಉಣುಗು ಹತ್ತುವುದು ಗುಡಿಸುವವರ ಕಾಲಿಗೆ. ಸತ್ತ ದನ ಎತ್ತುವ ಕೆಲಸವನ್ನು ಊರು ಯಾರಿಗೆ ಕಟ್ಟಿತ್ತೆಂದು ನಮಗೆ ಗೊತ್ತು. ಸತ್ತ ಮಂಗ ಕಂಡಾಗಲೂ ಊರು ನೋಡುವುದು ಅದೇ ಕೇರಿಯ ಕಡೆಗೆ. ಮೊದಲು ಸಾಗರ, ಸೊರಬ, ಶಿಕಾರಿಪುರಗಳಲ್ಲೇ ಇದ್ದ ಕಾಯಿಲೆ ಆಮೇಲೆ ಹಬ್ಬಿತು. ಬೆಳ್ತಂಗಡಿ ಕಡೆ ಗೇರುತೋಟಕ್ಕೆಂದು ಕಾಡು ಕಡಿದ ಮೇಲೆ, 1983ರ ಹೊತ್ತಿಗೆ, 1555 ಮಂದಿಗೆ ತಗುಲಿ 150 ಜನ ಸತ್ತರು. ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಇದನ್ನು ಅಭಿವೃದ್ಧಿಯ ಕಾಯಿಲೆ ಎಂದು ಕರೆದ. ಯಾರ ಅಭಿವೃದ್ಧಿ, ಯಾರ ಕಾಯಿಲೆ ಎಂದು ಬಿಡಿಸಿ ಕೇಳುವುದು ನಮ್ಮ ಕೆಲಸ.

ಹಕ್ಕಿಜ್ವರದ ಜೊತೆ ಇಟ್ಟು ನೋಡಿ. 2020ರ ಮಾರ್ಚ್‌ನಲ್ಲಿ ಪಕ್ಕದ ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಅದು ಪತ್ತೆಯಾಯಿತು. ಕೋಳಿ ಕೊಲ್ಲುವ ತಂಡಕ್ಕೆ ಮೈಮುಚ್ಚುವ ಉಡುಪು, ಮುಖಗವಸು, ಕೈಗವಸು, ಮುಂಜಾಗ್ರತೆಯ ಮಾತ್ರೆ, ಆಮೇಲೆ ಕೆಲ ದಿನ ನಿಗಾ ಎಂದು ಸರ್ಕಾರದ ನಿಯಮವೇ ಇದೆ. ಸರ್ಕಾರವೇ ಮಾಡಿಸುವುದರಿಂದ ಅದು ಕೆಲಸ ಅನ್ನಿಸಿಕೊಂಡಿತು. (ಅಲ್ಲೂ ಪರಿಹಾರದ ಲೆಕ್ಕ ಕೋಳಿಯ ತಲೆ ಮೇಲೆ, ಅದೂ ಮಾಲೀಕನಿಗೆ, ಶೆಡ್ ಗುಡಿಸುತ್ತಿದ್ದವನ ಕೂಲಿಗೆ ಅದರಲ್ಲಿ ಜಾಗವಿಲ್ಲ.) ದರಕು ಗುಡಿಸುವವಳದು ಅಪಾಯದ ಕೆಲಸವೆಂದು ಎಣಿಸುವವರಿಲ್ಲ. ಆದ್ದರಿಂದ ಅವಳಿಗೆ ಸಿಗುವುದು 'ಅರಿವು'.

ಲಸಿಕೆಯ ಕತೆಯೂ ಹೀಗೇ. ಎರಡು ಡೋಸು, ಮೇಲೊಂದು ಬೂಸ್ಟರ್, ಆಮೇಲೆ ವರ್ಷವರ್ಷ. ಸೂಜಿಯ ನೋವು ಜಾಸ್ತಿ, ಮರುದಿನದ ಕೂಲಿಯೂ ಹೋಗುತ್ತಿತ್ತು. ತಪ್ಪಿಸಿಕೊಂಡವರನ್ನು ಮೂಢರೆಂದು ಬೈದರು. ಕೊನೆಗೆ ಲಸಿಕೆಯ ಶಕ್ತಿಯೇ ಸಾಲದೆಂದು 2022ರಲ್ಲಿ ನಿಲ್ಲಿಸಿದರು.

ಇದಕ್ಕೆ ಖಚಿತ ಔಷಧಿಯಿಲ್ಲ. ಕಾಡಿಗೆ ಹೊರಡುವ ಮುಂಚೆ ಕೈಕಾಲಿಗೆ ಡೇಪಾ ಎಣ್ಣೆ, ಮೈತುಂಬ ಬಟ್ಟೆ. ಬಂದಮೇಲೆ ಬಿಸಿನೀರ ಸ್ನಾನ, ಬಟ್ಟೆಯನ್ನೂ ಬಿಸಿನೀರಿಗೆ ಹಾಕುವುದು. ಎಣ್ಣೆಗಾಗಿ ಕೂಲಿಯವಳು ಆಸ್ಪತ್ರೆಗೆ ಅಲೆಯುವುದೇಕೆ? ಗುಡಿಸಲು ಕರೆದವರು ಕೂಲಿಯ ಜೊತೆ ಎಣ್ಣೆಯನ್ನೂ ಕೊಡಲಿ; ಸಂಘಟನೆಗಳು ಇದನ್ನು ಬೇಡಿಕೆಯಾಗಿ ಎತ್ತಬೇಕು. ಮಂಗ ಸತ್ತದ್ದು ಕಂಡರೆ ಮುಟ್ಟಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸುದ್ದಿ ಮುಟ್ಟಿಸಿ. ಕಾಡಿಗೆ ಹೋಗಿಬಂದ ವಾರದೊಳಗೆ ಥಟ್ಟನೆ ಜ್ವರ, ಹಣೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದ್ದು 'ದರಕಿಗೆ ಹೋಗಿದ್ದೆ' ಅನ್ನುವುದನ್ನು. ಅದನ್ನು ಕೇಳಿದರೆ ತಾನೇ ಅವರಿಗೆ ರಕ್ತಪರೀಕ್ಷೆಗೆ ಕಳಿಸಲು ತೋಚುವುದು.