ಶಕಕ್ಕೆ 78 ಕೂಡಿಸಿದರೆ ಸಾಕೆ?

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸುತ್ತಿನ ಶಾಸನಗಳನ್ನು ಕಾಲಾನುಕ್ರಮದ ಗ್ರಾಫ್‌ಗೆ ಇಳಿಸಲು ನಾನು ಆರ್ ಭಾಷೆ ಬಳಸುತ್ತೇನೆ. ಶಕವರ್ಷಕ್ಕೆ 78 ಕೂಡಿಸಿ ಕ್ರಿಸ್ತಶಕ ಮಾಡೋದು ರೂಢಿ. ಆದರೆ ಹಂಪಿಯ ವಿರೂಪಾಕ್ಷ ದೇವಾಲಯದ ಕೃಷ್ಣದೇವರಾಯನ ಶಾಸನ ನೋಡಿ: ಶಕ 1430, ಶುಕ್ಲ ಸಂವತ್ಸರ, ಮಾಘ ಶುದ್ಧ 14. ಬರೀ 78 ಕೂಡಿಸಿದರೆ ಚುಕ್ಕಿ 1508ಕ್ಕೆ ಬೀಳುತ್ತೆ. ಆತ ಪಟ್ಟಕ್ಕೆ ಬಂದದ್ದೇ 1509ರಲ್ಲಿ! ಮಾಘ ಬರೋದು ಜನವರಿ-ಫೆಬ್ರವರಿಯಲ್ಲಿ, ಹಾಗಾಗಿ 79 ಕೂಡಿಸಬೇಕು. ಆಗ 1509.

ಅಷ್ಟಕ್ಕೇ ಮುಗಿಯಲ್ಲ, ಸಂವತ್ಸರವೂ ತಾಳೆಯಾಗಬೇಕು. ಗತಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಸಂವತ್ಸರದ ಕ್ರಮಾಂಕ. ಸೊನ್ನೆ ಉಳಿದರೆ ಅಕ್ಷಯ. ಆರ್‌ನಲ್ಲಿ ಹೀಗೆ ಬರೆಯಬಹುದು: (ಶಕ + 12) %% 60. ನಮ್ಮ 1430ಕ್ಕೆ ಬರೋದು 2, ಅಂದರೆ ವಿಭವ. ಶುಕ್ಲ 3ನೆಯದು, ಅದು ಶಕ 1431. ಅದರ ಮಾಘ 1510ರ ಜನವರಿಗೆ ಬೀಳುತ್ತದೆ. ಈ ಶಾಸನಕ್ಕೆ 1509, 1510 ಎಂಬ ಎರಡೂ ವರ್ಷಗಳು ಕಾಣಸಿಗೋದು ಇದರಿಂದಲೇ.

ಆದ್ದರಿಂದ ಶಕ, ಸಂವತ್ಸರ, ಮಾಸಗಳನ್ನು ಕಲ್ಲಿನಲ್ಲಿದ್ದಂತೆಯೇ ಬೇರೆ ಬೇರೆ ಕಾಲಂಗಳಲ್ಲಿಡಿ. ಲೆಕ್ಕ ಹಾಕಿದ ವರ್ಷಕ್ಕೆ ಹೊಸ ಕಾಲಂ ಮಾಡಿ. ತಾಳೆಯಾಗದ ಶಾಸನವನ್ನು ಪಟ್ಟಿಯಿಂದ ತೆಗೆಯಬೇಡಿ. ಗ್ರಾಫ್‌ನಲ್ಲಿ ಒಂದೇ ಚುಕ್ಕಿಯ ಬದಲು 1509ರಿಂದ 1510ರವರೆಗೆ ಗೆರೆ ಎಳೆಯಿರಿ.