ಕೈಯೂರಿ ನಡೆಯುವ ಮೀನು

ಮೀನಿಗೆ ಈಜು ಕಲಿಸಬೇಕೆ ಎಂಬ ಮಾತು ನಮ್ಮಲ್ಲಿ ರೂಢವಾಗಿದೆ. ಸಮುದ್ರದಿಂದ ದೂರದ ಬಯಲು ಸೀಮೆಯವರಾದ ನಾವು ಆ ಮಾತನ್ನು ಎಂದೂ ಸಂದೇಹಿಸಿದವರಲ್ಲ. ಆದರೆ ಆಸ್ಟ್ರೇಲಿಯಾ ಖಂಡದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪದಲ್ಲಿ, ಈಜುವುದಕ್ಕಿಂತ ನಡೆಯುವುದನ್ನೇ ಮೆಚ್ಚಿಕೊಂಡ ಮೀನೊಂದಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಸ್ಪಾಟೆಡ್ ಹ್ಯಾಂಡ್‌ಫಿಶ್ ಎಂದು ಹೆಸರು. ಹಸ್ತಮತ್ಸ್ಯವೆಂದರೆ ಪಾಂಡಿತ್ಯವನ್ನು ಮೆರೆಸಿದಂತಾದೀತು. ಕೈಮೀನು ಎಂದರೆ ಸಾಕು.

ಗಾತ್ರದಲ್ಲಿ ಇದು ಸುಮಾರು 12 ಸೆಂಟಿಮೀಟರ್, ಎಂದರೆ ಅಂಗೈಯಲ್ಲಿ ಹಿಡಿಸುವಷ್ಟು. ಮುಂಭಾಗ ದಪ್ಪ, ಹಿಂಭಾಗ ಸಣ್ಣ. ಕೆನೆಬಣ್ಣದ ಮೈಮೇಲೆ ಕಂದು ಹಾಗೂ ಕಿತ್ತಳೆ ವರ್ಣದ ಚುಕ್ಕೆಗಳು ಒತ್ತಾಗಿ ಹರಡಿರುತ್ತವೆ. ಚರ್ಮದ ತುಂಬ ಅತಿ ಸಣ್ಣ ಮುಳ್ಳುಗಳಿರುವುದರಿಂದ ಇದರ ಶಾಸ್ತ್ರೀಯ ನಾಮದಲ್ಲಿ 'ರೋಮಯುಕ್ತ' ಎಂಬರ್ಥದ ಪದವೊಂದು ಸೇರಿಕೊಂಡಿದೆ. ಎದೆಯ ಎರಡು ರೆಕ್ಕೆಗಳು ತೋಳಿನಂತೆ ಚಾಚಿ, ತುದಿಯಲ್ಲಿ ಬೆರಳುಗಳಂತೆ ಬಿಡಿಸಿಕೊಂಡಿವೆ. ಈ ಕೈಗಳನ್ನೂರಿ ಅದು ಸಮುದ್ರತಳದ ಮೇಲೆ ಮೆಲ್ಲಮೆಲ್ಲನೆ ಹೆಜ್ಜೆಯಿಡುತ್ತದೆ. ಸಾಮಾನ್ಯ ಮೀನುಗಳನ್ನು ನೀರಿನಲ್ಲಿ ತೇಲಿಸುವ ವಾಯುಚೀಲ ಇದಕ್ಕಿಲ್ಲ. ಬೆದರಿದಾಗ ತುಸು ದೂರ ಈಜಬಲ್ಲುದೇ ಹೊರತು ಅದು ಅದರ ನಿತ್ಯದ ಚರ್ಯೆಯಲ್ಲ. ತಲೆಯ ಮೇಲೆ ಗಾಳದ ಕಡ್ಡಿಯನ್ನು ಹೋಲುವ ಎಳೆಯೊಂದಿದೆ. ಆಳಸಮುದ್ರದ ಗಾಳಮೀನುಗಳು ಇದರ ದೂರದ ದಾಯಾದಿಗಳು. ಚಿಕ್ಕ ಸೀಗಡಿಯಂಥ ಜೀವಿಗಳು, ಹುಳುಗಳು, ಪುಟ್ಟ ಚಿಪ್ಪುಜೀವಿಗಳು ಇದರ ಆಹಾರ.

1800ರಲ್ಲಿ ಫ್ರಾನ್ಸಿನಿಂದ ಹೊರಟ ಬೋದಾನನ ನೌಕಾಯಾನದಲ್ಲಿ ಪೆರೋನ್ ಎಂಬ ವಿಜ್ಞಾನಿ ಇದನ್ನು ಸಂಗ್ರಹಿಸಿದನು. 1804ರಲ್ಲಿ ಲಾಸೆಪೆಡ್ ಎಂಬ ಪಂಡಿತನು ಶಾಸ್ತ್ರೀಯವಾಗಿ ವರ್ಣಿಸಿದನು. ಆಸ್ಟ್ರೇಲಿಯಾದ ಕಡಲಮೀನುಗಳಲ್ಲಿ ಮೊಟ್ಟಮೊದಲು ಗ್ರಂಥಸ್ಥವಾದ ಕೆಲವೇ ಮೀನುಗಳಲ್ಲಿ ಇದೂ ಒಂದು. ಹೋಬಾರ್ಟ್ ನಗರದ ಬಳಿ ಡರ್ವೆಂಟ್ ನದಿ ಸಮುದ್ರವನ್ನು ಕೂಡುವ ಅಳಿವೆ ಮತ್ತು ಅದರ ನೆರೆಯ ಕೊಲ್ಲಿಗಳೇ ಇದರ ಮನೆ. ಹೆಚ್ಚಾಗಿ 5ರಿಂದ 10 ಮೀಟರ್ ಆಳದಲ್ಲಿ, ಮರಳು ಮತ್ತು ಕೆಸರಿನ ತಳದಲ್ಲಿ ವಾಸ. ಜಗತ್ತಿನಲ್ಲಿ ಬೇರೆಲ್ಲಿಯೂ ಇದಿಲ್ಲ.

1980ರ ದಶಕದ ನಡುವಿನವರೆಗೂ ಆ ಅಳಿವೆಯಲ್ಲಿ ಮುಳುಗುವವರಿಗೆ ಕೈಮೀನು ಪರಿಚಿತ ಜೀವಿಯೇ ಆಗಿತ್ತು. ಅನಂತರ ಕಾಣದಾಗುತ್ತ ಬಂದಿತು. 1996ರಲ್ಲಿ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಕಡಲಮೀನೊಂದು ಆ ಪಟ್ಟಿಗೆ ಸೇರಿದ್ದು ಅದೇ ಮೊದಲು.

ಕಾರಣವನ್ನರಿಯಲು ಅದರ ಸಂತಾನಕ್ರಮವನ್ನು ನೋಡಬೇಕು. ಹೆಚ್ಚಿನ ಕಡಲಮೀನುಗಳ ಎಳೆಮರಿಗಳು ಪ್ರವಾಹದಲ್ಲಿ ತೇಲಿ ದೂರದೂರ ಹರಡುತ್ತವೆ. ಕೈಮೀನು ಹಾಗಲ್ಲ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಹೆಣ್ಣುಮೀನು ನೂರರ ಆಸುಪಾಸಿನಿಂದ ಇನ್ನೂರಕ್ಕೂ ಮಿಕ್ಕ ಮೊಟ್ಟೆಗಳನ್ನು ಕಾಂಡದಂತೆ ನೆಟ್ಟಗೆ ನಿಂತ ಅಸಿಡಿಯನ್ ಎಂಬ ಜೀವಿಯ ಸುತ್ತ ಹೆಣೆದು, ಆರೆಂಟು ವಾರ ಅಲ್ಲಿಯೇ ಕಾವಲಿರುತ್ತದೆ. ಮರಿಗಳು ಪೂರ್ಣರೂಪದಲ್ಲಿ ಹೊರಬಂದು ನೇರವಾಗಿ ನೆಲಕ್ಕಿಳಿಯುತ್ತವೆ, ಹುಟ್ಟಿದೆಡೆಯಲ್ಲೇ ಬಾಳುತ್ತವೆ. ಒಂದು ಕೊಲ್ಲಿಯ ಬಳಗ ಅಳಿದರೆ ಬೇರೆಡೆಯಿಂದ ಬಂದು ತುಂಬುವವರಿಲ್ಲ. ಇಂಥದರಲ್ಲಿ ಹಡಗುಗಳ ಮೂಲಕ ಬಂದು ಸೇರಿದ ಉತ್ತರ ಪೆಸಿಫಿಕ್‌ನ ನಕ್ಷತ್ರಮೀನು ಆ ಅಸಿಡಿಯನ್‌ಗಳನ್ನೇ ತಿನ್ನತೊಡಗಿತು. ದೋಣಿಗಳನ್ನು ಕಟ್ಟುವ ಸರಪಳಿಗಳು ತಳವನ್ನು ಗುಡಿಸಿ ಬರಿದು ಮಾಡಿದವು. ತೊಟ್ಟಿಲಿಗೇ ಕೊರತೆಯಾಯಿತೆಂದರೆ ತಪ್ಪಲ್ಲ.

ಇದರ ಸೋದರಜಾತಿಯೊಂದರ ಕಥೆ ಇನ್ನೂ ವಿಷಾದಕರ. ನುಣುಪು ಮೈಯ ಆ ಕೈಮೀನಿನ ಒಂದೇ ಒಂದು ಮಾದರಿ ಪೆರೋನನ ಸಂಗ್ರಹದಿಂದ ಉಳಿದುಬಂದಿದೆ. 2020ರಲ್ಲಿ ಅದನ್ನು ಅಳಿದುಹೋದ ಜೀವಿಯೆಂದು ಸಾರಲಾಯಿತು. ಮರುವರ್ಷವೇ ಆ ನಿರ್ಣಯವನ್ನು ಹಿಂದೆಗೆದುಕೊಂಡು, ತೀರ್ಮಾನಕ್ಕೆ ಸಾಕಷ್ಟು ಮಾಹಿತಿಯಿಲ್ಲವೆಂಬ ವರ್ಗದಲ್ಲಿರಿಸಿದರು. ನಮಗೆ ಇದು ವಿದ್ವಾಂಸರ ಸೋಲೆಂದು ತೋರುವುದಿಲ್ಲ, ಪ್ರಾಮಾಣಿಕತೆಯೆಂದೇ ತೋರುತ್ತದೆ.

ಉಳಿದ ಚುಕ್ಕೆಮೀನುಗಳಿಗಾಗಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಓ ಸಂಸ್ಥೆಯವರು ಕೈಗೊಂಡ ಉಪಾಯ ಸರಳವಾದದ್ದು. ಅಸಿಡಿಯನ್ ಇಲ್ಲದೆಡೆ ಕೃತಕ ಕಡ್ಡಿಗಳನ್ನು ನೆಟ್ಟರು. ಮೊದಲು ಪ್ಲಾಸ್ಟಿಕ್ಕಿನವು, ಬಳಿಕ ಕಲಾವಿದೆಯೊಬ್ಬರು ಕೈಯಾರೆ ಮಾಡಿ ಸುಟ್ಟ ಮಣ್ಣಿನವು. ಮೀನುಗಳು ಇವನ್ನು ಒಪ್ಪಿಕೊಂಡು ಮೊಟ್ಟೆಯಿಟ್ಟವು. ಪ್ರತಿಯೊಂದು ಮೀನಿನ ಚುಕ್ಕೆಗಳ ವಿನ್ಯಾಸ ನಮ್ಮ ಬೆರಳಚ್ಚಿನಂತೆ ಬೇರೆಬೇರೆ. ಆದ್ದರಿಂದ ಮುಳುಗುಗಾರರು ಭಾವಚಿತ್ರ ತೆಗೆದು, ಹಿಂದಿನ ಸಲ ಕಂಡ ಮೀನು ಇದೇ ಹೌದೋ ಅಲ್ಲವೋ ಎಂದು ಒಂದೊಂದನ್ನೂ ಹೋಲಿಸಿ ನೋಡುತ್ತಾರೆ.